ಪೌಷ್ಟಿಕ ಬಿಸ್ಕತ್ತು: ಘಟ್ಟದ ಮೇಲಿನವರೂ ಕರಾವಳಿಯವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳಲ್ಲಿ ದರ ಸಿಗದೆ ಉಳಿಯುವ ಬಾಳೆಕಾಯಿ, ಮಳೆಗಾಲದ ಆರಂಭದಲ್ಲಿ ರಾಶಿ ಬೀಳುವ ಹಲಸಿನ ಬೇಳೆ, ಕುಮಟಾ, ಅಂಕೋಲಾ, ಕಾರವಾರದ ಕಡೆಯ ತೆಂಗಿನಕಾಯಿ, ಮುರುಗಲು (ಕೋಕಂ) ಮತ್ತು ಮೀನು, ಇವುಗಳಿಂದ ಬಿಸ್ಕತ್ತು ಮಾಡಿ ಮಾರಬಹುದೇ ಎಂದು ಸ್ವಸಹಾಯ ಸಂಘದವರೂ ಸಣ್ಣ ಬೇಕರಿಯವರೂ ಆಹಾರ ವಿಜ್ಞಾನದ ವಿದ್ಯಾರ್ಥಿಗಳೂ ಕೇಳುತ್ತಿರುತ್ತಾರೆ. ಅವರು ಹೆಚ್ಚಾಗಿ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಹಿಟ್ಟಿಗೆ ಏನನ್ನು ಬೆರೆಸಿದೆವು ಎನ್ನುವುದಕ್ಕಿಂತ, ಬೆಂದ ಮೇಲೆ ಅದರಲ್ಲಿ ಎಷ್ಟು ಉಳಿಯಿತು ಮತ್ತು ತಿಂದವರು ಎರಡನೆಯ ಬಿಸ್ಕತ್ತಿಗೆ ಕೈ ಹಾಕಿದರೇ ಎನ್ನುವುದೇ ಈ ಕೆಲಸದ ನಿಜವಾದ ಅಳತೆ ಎಂದು ನಾವು ನಂಬಿದ್ದೇವೆ. ಉತ್ತರಗಳೆಲ್ಲ ಆ ನಂಬಿಕೆಯಿಂದಲೇ ಬಂದವು.

ಯಾವ ಬಿಸ್ಕತ್ತನ್ನು ಪೌಷ್ಟಿಕ ಎಂದು ಕರೆಯಬಹುದು?

ಮಾತಿನಲ್ಲಿ ಯಾವುದನ್ನು ಬೇಕಾದರೂ ಕರೆಯಬಹುದು. ಪೊಟ್ಟಣದ ಮೇಲೆ ಅಚ್ಚು ಹಾಕುವಾಗ ಹಾಗಲ್ಲ. ಆಹಾರದ ಜಾಹೀರಾತು ಮತ್ತು ಹೇಳಿಕೆಗಳ ಬಗ್ಗೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2018ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, 100 ಗ್ರಾಂ ಬಿಸ್ಕತ್ತಿನಲ್ಲಿ ಕನಿಷ್ಠ 3 ಗ್ರಾಂ ನಾರಿನಂಶ ಇದ್ದರೆ ಅದನ್ನು ನಾರಿನ ಮೂಲ ಎನ್ನಬಹುದು, 6 ಗ್ರಾಂ ಇದ್ದರೆ ನಾರು ಹೇರಳವಾಗಿದೆ ಎನ್ನಬಹುದು. ಪ್ರೋಟೀನಿಗೆ ಈ ಮಿತಿ ದಿನದ ಶಿಫಾರಸು ಪ್ರಮಾಣದ ಶೇ. 10 ಮತ್ತು ಶೇ. 20, ಜೀವಸತ್ವ ಮತ್ತು ಖನಿಜಗಳಿಗೆ ಶೇ. 15 ಮತ್ತು ಶೇ. 30. ಆದ್ದರಿಂದ ಹೊಸ ಬಿಸ್ಕತ್ತಿನ ಕೆಲಸವನ್ನು ಓವನ್ ಮುಂದೆ ನಿಂತು ಆರಂಭಿಸುವ ಬದಲು ಕಾಗದ, ಪೆನ್ಸಿಲ್ ಹಿಡಿದು ಆರಂಭಿಸಬೇಕು.

ಶೇ. 30ರಷ್ಟು ರಾಗಿ ಹಾಕಿದ್ದೇವೆ. 'ಕ್ಯಾಲ್ಸಿಯಂ ಇರುವ ಬಿಸ್ಕತ್ತು' ಎಂದು ಬರೆಯಬಹುದೇ?

ಬರೆಯಲಾಗದು. ಕಾರಣವನ್ನು ಲೆಕ್ಕ ಹಾಕಿಯೇ ನೋಡೋಣ, ಏಕೆಂದರೆ ಇದೇ ತಪ್ಪು ಎಲ್ಲ ಕಡೆಯೂ ಆಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ 2017ರ ಆಹಾರ ಕೋಷ್ಟಕದಲ್ಲಿ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. 70 ಗ್ರಾಂ ಮೈದಾ, 30 ಗ್ರಾಂ ರಾಗಿ, 35 ಗ್ರಾಂ ಸಕ್ಕರೆ, 35 ಗ್ರಾಂ ತುಪ್ಪ, ಜೊತೆಗೆ ಉಪ್ಪು ಮತ್ತು ಸೋಡಾ ಸೇರಿ 2 ಗ್ರಾಂ ಎಂದು ಇಟ್ಟುಕೊಂಡರೆ, ಬೆಂದು ತೇವಾಂಶ ಶೇ. 3ಕ್ಕೆ ಇಳಿದಾಗ ಸುಮಾರು 165 ಗ್ರಾಂ ಬಿಸ್ಕತ್ತು ಸಿಗುತ್ತದೆ. 30 ಗ್ರಾಂ ರಾಗಿಯ 109 ಮಿಲಿಗ್ರಾಂ ಕ್ಯಾಲ್ಸಿಯಂ ಆ 165 ಗ್ರಾಮಿಗೂ ಹಂಚಿಹೋಗುವುದರಿಂದ, 100 ಗ್ರಾಂ ಬಿಸ್ಕತ್ತಿಗೆ ರಾಗಿಯಿಂದ ಬರುವುದು ಸುಮಾರು 66 ಮಿಲಿಗ್ರಾಂ ಮಾತ್ರ. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಶಿಫಾರಸು ಮಾಡಿರುವುದರಿಂದ ಶೇ. 15 ಎಂದರೆ 150 ಮಿಲಿಗ್ರಾಂ ಬೇಕು. ರಾಗಿಯನ್ನು ಇಮ್ಮಡಿಗೊಳಿಸಿ ಶೇ. 60ಕ್ಕೆ ಏರಿಸಿದರೂ ಆ ಗಡಿ ಮುಟ್ಟುವುದಿಲ್ಲ.

ಅದೇ ಬಿಸ್ಕತ್ತಿನ ನಾರಿನಂಶದ ಲೆಕ್ಕ ಮಾತ್ರ ಬೇರೆಯೇ ಫಲ ಕೊಡುತ್ತದೆ. ಅದೇ ಕೋಷ್ಟಕದಂತೆ ರಾಗಿಯಲ್ಲಿ ಸುಮಾರು 11 ಗ್ರಾಂ, ಮೈದಾದಲ್ಲಿ 2.8 ಗ್ರಾಂ ನಾರು ಇರುವುದರಿಂದ 100 ಗ್ರಾಂ ಬಿಸ್ಕತ್ತಿಗೆ 3.2 ಗ್ರಾಂ ಬರುತ್ತದೆ, ಅಂದರೆ ನಾರಿನ ಮೂಲ ಎನ್ನಲು ಕೂದಲೆಳೆಯಷ್ಟು ಹೆಚ್ಚು. ಇಷ್ಟು ಕಡಿಮೆ ಅಂತರವಿದ್ದಾಗ ಪ್ರಯೋಗಾಲಯದ ವರದಿ ಬರುವವರೆಗೆ ಪೊಟ್ಟಣ ಅಚ್ಚು ಹಾಕಿಸಬಾರದು.

ಇಲ್ಲಿನ ಬೆಳೆಗಳಲ್ಲಿ ಯಾವುದರಿಂದ ಆರಂಭಿಸುವುದು ಒಳ್ಳೆಯದು?

ಬಾಳೆಕಾಯಿ ಹಿಟ್ಟಿನಿಂದ ಎಂದು ನಾವು ಹಿಂಜರಿಯದೆ ಹೇಳುತ್ತೇವೆ. 'ಬಾಕಾಹು' ಎಂಬ ಹೆಸರಿನಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಎಷ್ಟೋ ಅಡುಗೆಮನೆಗಳಲ್ಲಿ ಅದಾಗಲೇ ದೋಸೆ, ರೊಟ್ಟಿಗೆ ಬಳಕೆಯಾಗಿದೆ, ರುಚಿ ಸೌಮ್ಯವಾಗಿದೆ, ಕಚ್ಚಾ ವಸ್ತು ಮನೆಯ ಹಿಂದಿನ ತೋಟದಲ್ಲೇ ಇದೆ. ಅದಕ್ಕಿಂತ ಮುಖ್ಯವಾಗಿ, ಬಲಿತ ಹಸಿ ಬಾಳೆಕಾಯಿಯಲ್ಲಿ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ತಲುಪಿ ಅಲ್ಲಿನ ಉಪಕಾರಿ ಸೂಕ್ಷ್ಮಜೀವಿಗಳಿಗೆ ಆಹಾರವಾಗುವ ಬಗೆಯ ಪಿಷ್ಟ ಹೇರಳವಾಗಿದೆ. ನೀರಿನಲ್ಲಿ ಬೇಯಿಸಿದರೆ ಆ ಪಿಷ್ಟದ ಕಣಗಳು ಉಬ್ಬಿ ಒಡೆದು ಸುಲಭವಾಗಿ ಜೀರ್ಣವಾಗುವಂತಾಗುತ್ತವೆ. ಬಿಸ್ಕತ್ತಿನ ಕಣಕದಲ್ಲಾದರೋ ನೀರು ಬಹಳ ಕಡಿಮೆ, ಇರುವ ನೀರನ್ನೂ ಸಕ್ಕರೆ ಹಿಡಿದಿಟ್ಟುಕೊಳ್ಳುತ್ತದೆ. ಹೀಗಾಗಿ ಪಿಷ್ಟದ ಸಾಕಷ್ಟು ಭಾಗ ಒಡೆಯದೆ ಉಳಿಯುತ್ತದೆ. ದೋಸೆಯಲ್ಲಿ ಕಳೆದುಹೋಗುವ ಗುಣವೊಂದು ಬಿಸ್ಕತ್ತಿನಲ್ಲಿ ಒಂದಿಷ್ಟಾದರೂ ಉಳಿಯುತ್ತದೆ ಎನ್ನುವುದು ನಮಗೆ ಈ ಕೆಲಸದಲ್ಲಿ ಅತ್ಯಂತ ಸಂತೋಷ ಕೊಟ್ಟ ವಿಷಯ.

ಕಾಯಿ ಹಣ್ಣಿನ ಕಡೆಗೆ ತಿರುಗಿದ್ದರೆ ಪಿಷ್ಟ ಸಕ್ಕರೆಯಾಗಿರುತ್ತದೆ. ಅಂಥ ಕಾಯಿ ಬೇಡ. ಹೋಳು ಮಾಡಿದ ಕೂಡಲೇ ನಿಂಬೆರಸದ ನೀರಿನಲ್ಲಿ ಅಥವಾ ನೀರು ಮಜ್ಜಿಗೆಯಲ್ಲಿ ಅದ್ದಿದರೆ ಕಪ್ಪಾಗುವುದು ಕಡಿಮೆಯಾಗುತ್ತದೆ. ಒಣಗಿಸುವಾಗ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ಮೀರದಂತೆ ನೋಡಿಕೊಳ್ಳಬೇಕು, ಇಲ್ಲವಾದರೆ ತೇವವಿರುವಾಗಲೇ ಪಿಷ್ಟ ಬೆಂದು, ಉಳಿಸಿಕೊಳ್ಳಬೇಕಾದದ್ದೇ ಹೋಗುತ್ತದೆ.

ಹೋಳು ಬೆಳ್ಳಗಿರಲು ಮೆಟಾಬೈಸಲ್ಫೈಟ್ ಎಂಬ ಸಲ್ಫೈಟ್ ರಾಸಾಯನಿಕ ಬಳಸಬಹುದೇ?

ಬಳಕೆಯಲ್ಲಿದೆ, ಆದರೆ ಅಸ್ತಮಾ ಇರುವ ಕೆಲವರಿಗೆ ಸಲ್ಫೈಟ್ ತೊಂದರೆ ಕೊಡುತ್ತದೆ. ಕಿಲೋಗೆ 10 ಮಿಲಿಗ್ರಾಂ ಅಥವಾ ಹೆಚ್ಚು ಇದ್ದರೆ ಅದನ್ನು ಅಲರ್ಜಿ ಸೂಚನೆಯಲ್ಲಿ ನಮೂದಿಸಲೇಬೇಕು. ಓವನ್‌ನಲ್ಲಿ ಹೇಗೂ ಕಂದಾಗುವ ಬಿಸ್ಕತ್ತಿಗೆ ಬೆಳ್ಳನೆಯ ಹಿಟ್ಟೇ ಏಕೆ ಬೇಕು ಎನ್ನುವುದು ನಮ್ಮ ಅಭಿಪ್ರಾಯ.

ಹಲಸಿನ ಬೇಳೆಯ ಹಿಟ್ಟು ಒಗರಾಗುತ್ತದೆ. ಏನು ಮಾಡಬೇಕು?

ಒಗರು ಹೆಚ್ಚಾಗಿ ಬೇಳೆಯ ಮೇಲಿನ ಕಂದು ಸಿಪ್ಪೆಯದು. ಬೇಳೆಯನ್ನು ಬೇಯಿಸಿ ಅಥವಾ ಹುರಿದು, ಸಿಪ್ಪೆ ಉಜ್ಜಿ ತೆಗೆದು, ಒಣಗಿಸಿ ಬೀಸಿದರೆ ಒಗರು ತಗ್ಗುತ್ತದೆ; ಹಸಿ ಬೇಳೆಯಲ್ಲಿರುವ, ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶವೂ ಬಿಸಿಗೆ ನಿಷ್ಕ್ರಿಯವಾಗುತ್ತದೆ. ಹುರಿದ ಬೇಳೆಯ ಕಂಪು ಬಿಸ್ಕತ್ತಿಗೆ ಚೆನ್ನಾಗಿ ಒಪ್ಪುತ್ತದೆ.

ಮುರುಗಲ ಸಿಪ್ಪೆಯ ಪುಡಿ ಹಾಕಿದೆವು. ಕೆಂಪಾಗುವ ಬದಲು ಬಿಸ್ಕತ್ತು ಬೂದಿ ಬಣ್ಣಕ್ಕೆ ತಿರುಗಿತು. ಏಕೆ?

ಮುರುಗಲಿನ ಕೆಂಪು ಆಂಥೋಸಯಾನಿನ್ ಎಂಬ ವರ್ಣದ್ರವ್ಯದ್ದು. ಅದು ಹುಳಿಯಲ್ಲಿದ್ದಾಗ ಮಾತ್ರ ಕೆಂಪಾಗಿರುತ್ತದೆ, ಕ್ಷಾರ ತಾಗಿದರೆ ನೀಲಿ, ಹಸಿರು, ಬೂದಿಯತ್ತ ತಿರುಗುತ್ತದೆ. ಅಡುಗೆ ಸೋಡಾ ಕ್ಷಾರ. ಆದ್ದರಿಂದ ಸೋಡಾ ಹಾಕಿದ ಕಣಕದಲ್ಲಿ ಮುರುಗಲು ತನ್ನ ಬಣ್ಣ ಬಿಟ್ಟುಕೊಡುತ್ತದೆ. ಅಷ್ಟೇ ಅಲ್ಲ, ಮುರುಗಲಿನ ಹುಳಿ ಸೋಡಾವನ್ನು ಕಣಕದಲ್ಲೇ ತಿಂದುಹಾಕುವುದರಿಂದ ಓವನ್‌ಗೆ ಹೋಗುವ ಹೊತ್ತಿಗೆ ಉಬ್ಬುವ ಶಕ್ತಿಯೂ ಕುಗ್ಗಿರುತ್ತದೆ. ಇದರ ಮೇಲೆ ಓವನ್‌ನ ಬಿಸಿಯೂ ಆ ವರ್ಣದ್ರವ್ಯವನ್ನು ಒಡೆಯುತ್ತದೆ. ಮುರುಗಲನ್ನು ಕಣಕಕ್ಕೆ ಬೆರೆಸದೆ, ಬೆಂದು ತಣಿದ ಎರಡು ಬಿಸ್ಕತ್ತುಗಳ ನಡುವಿನ ಕ್ರೀಮಿನಲ್ಲಿ ಬಳಸಿದರೆ ಬಣ್ಣ, ಹುಳಿ ಎರಡೂ ಉಳಿಯುತ್ತವೆ. ಒಂದೆಲಗದ ಪುಡಿ ಹಾಕಿ ಹಸಿರು ಬಿಸ್ಕತ್ತು ಬಯಸುವವರಿಗೂ ಹೀಗೆಯೇ ನಿರಾಸೆಯಾಗುತ್ತದೆ: ಎಲೆಯ ಹಸಿರು ಬಿಸಿಗೆ ಮಂಕಾದ ಕಂದುಹಸಿರಾಗುತ್ತದೆ.

ಉಪ್ಪಾಗೆ (ಮುರುಗಲಿನ ಜಾತಿಯ ಹುಳಿ ಹಣ್ಣು) ಹಾಕಿ 'ತೂಕ ಇಳಿಸುವ ಬಿಸ್ಕತ್ತು' ಮಾಡಬಹುದೇ?

ಬೇಡ. ಉಪ್ಪಾಗೆಯ ಸಾರದ ಮಾತ್ರೆಗಳನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ವರದಿಗಳಿವೆ. ಸಕ್ಕರೆ, ತುಪ್ಪ ತುಂಬಿದ ತಿನಿಸೊಂದು ತೂಕ ಇಳಿಸುತ್ತದೆ ಎಂದು ಹೇಳಿ ಮಾರುವುದು ಕೊಳ್ಳುವವರಿಗೆ ಮಾಡುವ ಅನ್ಯಾಯ.

ಹೊಸ ಹಿಟ್ಟು ಬೆರೆಸಿದರೆ ಬಿಸ್ಕತ್ತು ಹರಡುವುದಿಲ್ಲ, ಕಲ್ಲಿನಂತಾಗುತ್ತದೆ. ಎಷ್ಟರವರೆಗೆ ಬೆರೆಸಬಹುದು?

ನಾರು ಮತ್ತು ಪ್ರೋಟೀನ್ ಹೆಚ್ಚಿರುವ ಹಿಟ್ಟುಗಳು ನೀರನ್ನು ಹೀರಿ ಹಿಡಿಯುತ್ತವೆ. ನೀರು ಸಾಲದೆ ಕಣಕ ಬಿಗಿಯಾಗುತ್ತದೆ, ಓವನ್‌ನಲ್ಲಿ ಕರಗಿ ಹರಿಯಬೇಕಾದ ಸಕ್ಕರೆಗೂ ನೀರು ಸಿಗುವುದಿಲ್ಲ, ಹೀಗಾಗಿ ಬಿಸ್ಕತ್ತು ಹರಡದೆ ದಪ್ಪಗೆ ನಿಲ್ಲುತ್ತದೆ. ಆಗ ಸುಮ್ಮನೆ ನೀರು ಸುರಿದು ನಾದಿದರೆ ಮೈದಾದಲ್ಲಿರುವ ಗ್ಲುಟೆನ್ ಎಂಬ ಅಂಟು ಪ್ರೋಟೀನ್ ಬಲಿತು ಇನ್ನಷ್ಟು ಗಟ್ಟಿಯಾಗುತ್ತದೆ. ಹೊಸ ಹಿಟ್ಟನ್ನು ನುಣ್ಣಗೆ ಬೀಸಿ ಜರಡಿ ಹಿಡಿಯುವುದು, ಅದನ್ನು ಮೊದಲೇ ಅದರ ಪಾಲಿನ ನೀರಿನಲ್ಲಿ ನೆನೆಸಿಡುವುದು, ತುಪ್ಪ, ಸಕ್ಕರೆಯನ್ನು ಚೆನ್ನಾಗಿ ನೊರೆ ಬರುವಂತೆ ತಿಕ್ಕಿ ಹಿಟ್ಟನ್ನು ಕೊನೆಗೆ ಹಗುರವಾಗಿ ಕೂಡಿಸುವುದು, ಪ್ರೋಟೀನ್ ಕಡಿಮೆ ಇರುವ ಮೃದು ಗೋಧಿಯ ಮೈದಾ ಆರಿಸುವುದು, ಇವು ಕೆಲಸಕ್ಕೆ ಬರುತ್ತವೆ.

ಎಷ್ಟರವರೆಗೆ ಎನ್ನುವುದನ್ನು ಊಹಿಸದೆ ಅಳೆದು ತಿಳಿಯಬೇಕು. ಏನೂ ಬೆರೆಸದ ಒಂದು ಮೂಲ ಬಿಸ್ಕತ್ತು, ಆಮೇಲೆ ಶೇ. 10, 20, 30 ಹೀಗೆ ಮೈದಾ ತೆಗೆದು ಹೊಸ ಹಿಟ್ಟು ಹಾಕಿದವು, ಇಷ್ಟನ್ನು ಒಂದೇ ಕೈಯವರು ಒಂದೇ ಓವನ್‌ನಲ್ಲಿ ಬೇಯಿಸಬೇಕು. ಆರು ಬಿಸ್ಕತ್ತುಗಳನ್ನು ಅಂಚಿಗೆ ಅಂಚು ತಾಗಿಸಿ ಸಾಲಾಗಿಟ್ಟು ಅಗಲ ಅಳೆಯಿರಿ, ಪ್ರತಿಯೊಂದನ್ನೂ ಕಾಲು ಸುತ್ತು ತಿರುಗಿಸಿ ಮತ್ತೆ ಅಳೆಯಿರಿ. ಆಮೇಲೆ ಆರನ್ನೂ ಒಂದರ ಮೇಲೊಂದು ಪೇರಿಸಿ ದಪ್ಪ ಅಳೆಯಿರಿ. ಅಗಲವನ್ನು ದಪ್ಪದಿಂದ ಭಾಗಿಸಿದರೆ ಹರಡುವಿಕೆಯ ಅನುಪಾತ ಸಿಗುತ್ತದೆ. ಒಂದು ಅಳತೆಪಟ್ಟಿಯಿದ್ದರೆ ಸಾಕಾಗುವ ಈ ಪರೀಕ್ಷೆ ದೊಡ್ಡ ಕಾರ್ಖಾನೆಯವರೂ ಕೈಬಿಡದ ಪರೀಕ್ಷೆ. ಮುರಿಯಲು ಎಷ್ಟು ಬಲ ಬೇಕು ಎನ್ನುವುದನ್ನು ಅಳೆಯುವ ಯಂತ್ರ ಆಹಾರ ತಂತ್ರಜ್ಞಾನ ಕಾಲೇಜುಗಳಲ್ಲಿಯೂ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐಯಂಥ ಸಂಸ್ಥೆಗಳಲ್ಲಿಯೂ ಇರುತ್ತದೆ.

ಒಂದೇ ತಟ್ಟೆಯಿಂದ ಮೂರು ಬಿಸ್ಕತ್ತು ಅಳೆದರೆ ಮೂರು ಪ್ರಯೋಗ ಮಾಡಿದಂತಾಯಿತೇ?

ಆಗಲಿಲ್ಲ. ಬೇರೆ ಬೇರೆ ದಿನ, ಹಿಟ್ಟು ತೂಗುವುದರಿಂದ ಹಿಡಿದು ಹೊಸದಾಗಿ ಮೂರು ಸಲ ಮಾಡಿದರೆ ಮಾತ್ರ ಮೂರು ಪ್ರಯೋಗ. ವಿದ್ಯಾರ್ಥಿಗಳ ವರದಿಗಳಲ್ಲಿ ನಾವು ಪದೇ ಪದೇ ಕಾಣುವ ಕೊರತೆ ಇದು.

ಸಕ್ಕರೆಯ ಬದಲು ಜೋನಿ ಬೆಲ್ಲ (ದ್ರವ ರೂಪದ ಬೆಲ್ಲ) ಹಾಕಿದರೆ 'ಸಕ್ಕರೆ ಸೇರಿಸಿಲ್ಲ' ಎನ್ನಬಹುದೇ?

ಎನ್ನಲಾಗದು; ಬೆಲ್ಲವೂ ಸೇರಿಸಿದ ಸಕ್ಕರೆಯೇ. ರುಚಿಗಾಗಿ ಜೋನಿ ಬೆಲ್ಲ ಹಾಕುವುದಕ್ಕೆ ನಮ್ಮ ಪೂರ್ಣ ಸಮ್ಮತಿಯಿದೆ, ಶಿರಸಿಯ ಕಡೆಯವರಿಗೆ ಅದರ ಕಂಪಿಗೆ ಸಾಟಿ ಇಲ್ಲ. ಆದರೆ ಅದರಲ್ಲಿ ನೀರೂ ಗ್ಲುಕೋಸ್, ಫ್ರಕ್ಟೋಸ್‌ಗಳೂ ಇರುವುದರಿಂದ ಕಣಕದ ನೀರನ್ನು ಅಷ್ಟರಮಟ್ಟಿಗೆ ತಗ್ಗಿಸಬೇಕು, ಬಿಸ್ಕತ್ತು ಬೇಗ ಕೆಂಪಾಗುತ್ತದೆ, ಗಾಳಿಯ ತೇವವನ್ನೂ ಬೇಗ ಎಳೆದುಕೊಳ್ಳುತ್ತದೆ. ಇನ್ನೊಂದು ಎಚ್ಚರಿಕೆಯೂ ಬೇಕು. ಹಿಟ್ಟಿನ ಆಸ್ಪರಜಿನ್ ಎಂಬ ಅಮೈನೋ ಆಮ್ಲ ಇಂಥ ಸಕ್ಕರೆಗಳೊಡನೆ 120 ಡಿಗ್ರಿ ಮೀರಿದ ಬಿಸಿಯಲ್ಲಿ ಕೂಡಿ ಆಕ್ರಿಲಮೈಡ್ ಎಂಬ ಅನಪೇಕ್ಷಿತ ವಸ್ತುವಾಗುತ್ತದೆ. 2002ರಲ್ಲಿ ಸ್ವೀಡನ್ನಿನವರು ಇದನ್ನು ಬೆಳಕಿಗೆ ತಂದರು, ಯುರೋಪಿನ ಒಕ್ಕೂಟ ಬಿಸ್ಕತ್ತಿಗೆ ಕಿಲೋಗೆ 350 ಮೈಕ್ರೋಗ್ರಾಂ ಎಂಬ ಮಾನದಂಡ ಇಟ್ಟಿದೆ. ಬಿಸ್ಕತ್ತನ್ನು ಹೊಂಬಣ್ಣಕ್ಕೇ ಇಳಿಸಿ, ಕಡುಗಂದು ಆಗಲು ಬಿಡಬೇಡಿ. ಉಬ್ಬಲು ಹಾಕುವ ಅಮೋನಿಯಂ ಬೈಕಾರ್ಬೊನೇಟ್ ಇದನ್ನು ಹೆಚ್ಚಿಸುವುದರಿಂದ ಅಡುಗೆ ಸೋಡಾವನ್ನೇ ಬಳಸಿ.

ಕರಾವಳಿಯಲ್ಲಿ ಮೀನಿನ ಪುಡಿ ಹಾಕಿ ಪ್ರೋಟೀನ್ ಬಿಸ್ಕತ್ತು ಮಾಡಬಹುದೇ?

ಮಾಡಬಹುದು, ಮೂಳೆ ಸಮೇತ ಪುಡಿ ಮಾಡಿದರೆ ಕ್ಯಾಲ್ಸಿಯಂ ಕೂಡ ಸಿಗುತ್ತದೆ, ರಾಗಿಯಿಂದ ಮುಟ್ಟಲಾಗದ ಗಡಿಯನ್ನು ಮುಟ್ಟುವ ಒಂದು ದಾರಿ ಅದು. ಗೋಧಿಯಲ್ಲಿ ಕೊರತೆಯಿರುವ ಲೈಸಿನ್ ಮೀನಿನಲ್ಲಿ ಹೇರಳ. ಆದರೆ ತಾರ್ಲೆ, ಬಂಗಡೆಯಂಥ ಮೀನುಗಳನ್ನು ಹಿಡಿದ ಕೂಡಲೇ ಮಂಜುಗಡ್ಡೆಯಲ್ಲಿ ಇಡದಿದ್ದರೆ ಅವುಗಳಲ್ಲಿ ಹಿಸ್ಟಮಿನ್ ಎಂಬ ವಿಷಕಾರಿ ವಸ್ತು ಉಂಟಾಗುತ್ತದೆ, ಒಮ್ಮೆ ಉಂಟಾದರೆ ಬೇಯಿಸಿದರೂ ಹೋಗುವುದಿಲ್ಲ. ಸಂಜೆ ಉಳಿದ ಮೀನು ಪುಡಿಗೆ ಎಂಬ ಯೋಚನೆಯನ್ನು ಬಿಡಬೇಕು. ತಲೆ, ಕರುಳು ತೆಗೆದು, ಹಬೆಯಲ್ಲಿ ಬೇಯಿಸಿ, ಹಿಂಡಿ ಎಣ್ಣೆ ತೆಗೆದು, ಒಣಗಿಸಿ ಪುಡಿ ಮಾಡಬೇಕು, ಉಳಿದ ಎಣ್ಣೆಯೇ ಆಮೇಲೆ ಕಮಟು ಹಿಡಿಯುವುದು. ಹಿಟ್ಟಿನ ಶೇ. 5ರಿಂದ ಆರಂಭಿಸಿ, ಸಿಹಿಗಿಂತ ಜೀರಿಗೆ, ಕಾಳುಮೆಣಸಿನ ಖಾರದ ಬಿಸ್ಕತ್ತಿನಲ್ಲಿ ಹಾಕುವುದು ಲೇಸು. ಪೊಟ್ಟಣದ ಮೇಲೆ ಮಾಂಸಾಹಾರದ ಕಂದು ತ್ರಿಕೋನವೂ ಮೀನಿನ ಅಲರ್ಜಿ ಸೂಚನೆಯೂ ಕಡ್ಡಾಯ. ಅದೇ ತಟ್ಟೆಯಲ್ಲಿ ಮರುದಿನ ಶಾಕಾಹಾರಿ ಬಿಸ್ಕತ್ತು ಬೇಯಿಸುವ ಮಾತೇ ಬೇಡ.

ರಕ್ತಹೀನತೆಗೆ ಕಬ್ಬಿಣದ ಬಿಸ್ಕತ್ತು ಸಹಾಯವಾಗುವುದೇ?

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಕಂಡುಬಂದಿರುವುದರಿಂದ ಈ ಪ್ರಶ್ನೆ ತುಂಬ ಮುಖ್ಯವಾದದ್ದು. ಆದರೆ ಧಾನ್ಯದಲ್ಲಿರುವ ಫೈಟೇಟ್ ಎಂಬ ಸಂಯುಕ್ತ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಿಸ್ಕತ್ತಿನ ಜೊತೆ ಕುಡಿಯುವ ಚಹಾದ ಟ್ಯಾನಿನ್ ಇನ್ನಷ್ಟು ತಡೆಯುತ್ತದೆ. ರಾಗಿಯನ್ನು ಮೊಳಕೆ ಬರಿಸಿ ಒಣಗಿಸಿ ಬೀಸಿದರೆ ಫೈಟೇಟ್ ಕಡಿಮೆಯಾಗುತ್ತದೆ. ಹುಳಿ ಹಣ್ಣಿನ ವಿಟಮಿನ್ ಸಿ ಕಬ್ಬಿಣ ಹೀರಿಕೊಳ್ಳಲು ನೆರವಾಗುತ್ತದಾದರೂ ಬಿಸ್ಕತ್ತಿನೊಳಗೆ ಹಾಕಿದರೆ ಓವನ್‌ನ ಬಿಸಿಗೆ ನಾಶವಾಗುತ್ತದೆ. ಅದನ್ನು ಬಿಸ್ಕತ್ತಿನ ಜೊತೆಗೆ ಲಿಂಬು ಶರಬತ್ತಾಗಿ ಕೊಡುವುದೇ ಸರಿ. ಕಬ್ಬಿಣದ ಲವಣವನ್ನು ನೇರವಾಗಿ ಸೇರಿಸುವುದಾದರೆ, ಫೆರಸ್ ಸಲ್ಫೇಟ್ ಕೊಬ್ಬನ್ನು ಬೇಗ ಕೆಡಿಸುತ್ತದೆ ಎನ್ನುವುದನ್ನು ನೆನಪಿಡಬೇಕು, ತಜ್ಞರ ಮಾರ್ಗದರ್ಶನವಿಲ್ಲದೆ ತೂಗಿ ಹಾಕಬಾರದು. ಮತ್ತು ಬಿಸ್ಕತ್ತು ವೈದ್ಯರು ಕೊಟ್ಟ ಮಾತ್ರೆಗೆ ಬದಲಿಯಲ್ಲ.

ಬಾಳೆಕಾಯಿ ಹಿಟ್ಟು, ಅಕ್ಕಿ ಹಿಟ್ಟು ಮಾತ್ರ ಬಳಸಿದರೆ ಗ್ಲುಟೆನ್ ರಹಿತ ಎನ್ನಬಹುದೇ?

ಗ್ಲುಟೆನ್ ಕಿಲೋಗೆ 20 ಮಿಲಿಗ್ರಾಂ ಮೀರಬಾರದು ಎಂಬ ನಿಯಮವಿದೆ. ನಿಮ್ಮ ಹಿಟ್ಟನ್ನು ಬೀಸುವ ಗಿರಣಿಯಲ್ಲಿ ಸ್ವಲ್ಪ ಮೊದಲು ಯಾರಾದರೂ ಗೋಧಿ ಬೀಸಿಕೊಂಡು ಹೋಗಿದ್ದರೆ ಆ ಮಿತಿ ಅಲ್ಲೇ ಮೀರಬಹುದು. ಪ್ರತ್ಯೇಕ ಗಿರಣಿ ಮತ್ತು ಪ್ರಯೋಗಾಲಯದ ವರದಿ ಎರಡೂ ಇಲ್ಲದೆ ಹಾಗೆ ಬರೆಯುವುದು ಗ್ಲುಟೆನ್ ತಾಳದ ಸೀಲಿಯಾಕ್ ಕಾಯಿಲೆಯವರ ಆರೋಗ್ಯದೊಡನೆ ಆಟವಾಡಿದಂತೆ.

ಮಧುಮೇಹಿಗಳಿಗೆ ಒಳ್ಳೆಯದು ಎಂದು ಹೇಳಬಹುದೇ?

ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಎಂದು ಹೇಳುವ ಗ್ಲೈಸಿಮಿಕ್ ಸೂಚ್ಯಂಕವನ್ನು ಲೆಕ್ಕದಿಂದ ಊಹಿಸಲಾಗದು. ಕನಿಷ್ಠ 10 ಮಂದಿ ಆರೋಗ್ಯವಂತರಿಗೆ ಜೀರ್ಣವಾಗಬಲ್ಲ 50 ಗ್ರಾಂ ಕಾರ್ಬೋಹೈಡ್ರೇಟ್ ಇರುವಷ್ಟು ಆಹಾರ ಕೊಟ್ಟು, ಎರಡು ಗಂಟೆ ರಕ್ತದ ಸಕ್ಕರೆ ಅಳೆದು, ಗ್ಲುಕೋಸ್‌ನೊಡನೆ ಹೋಲಿಸಬೇಕು. ಸೂಚ್ಯಂಕ 55 ಅಥವಾ ಕಡಿಮೆ ಬಂದರೆ ಮಾತ್ರ ಅದು ತಗ್ಗಿನದು. ನೈತಿಕ ಸಮಿತಿಯ ಒಪ್ಪಿಗೆಯಿಲ್ಲದೆ ಮನುಷ್ಯರ ಮೇಲೆ ಇಂಥ ಪರೀಕ್ಷೆ ಮಾಡುವಂತಿಲ್ಲ.

ರುಚಿ ಪರೀಕ್ಷೆ ಹೇಗೆ ಮಾಡಬೇಕು? ನೆಂಟರಿಷ್ಟರೆಲ್ಲ ಚೆನ್ನಾಗಿದೆ ಎನ್ನುತ್ತಾರೆ.

ಮನೆಗೆ ಬಂದವರ ಕೈಗೆ ನಾವೇ ಬಿಸ್ಕತ್ತು ಕೊಟ್ಟು ಮುಖ ನೋಡುತ್ತ ನಿಂತರೆ 'ಚೊಲೋ ಆಗಿದೆ' ಎನ್ನದವರು ನಮ್ಮ ಸೀಮೆಯಲ್ಲಿ ಯಾರಿದ್ದಾರೆ? ಆ ಸೌಜನ್ಯವನ್ನು ಅಭಿಪ್ರಾಯವೆಂದು ದಾಖಲಿಸಬಾರದು. ಮಾಡಿದವರು ಎದುರಿಗಿರಬಾರದು, ತಟ್ಟೆಯ ಮೇಲೆ ಹೆಸರಾಗಲಿ, 1, 2, 3 ಎಂಬ ಕ್ರಮವಾಗಲಿ ಇರದೆ 417, 852ರಂಥ ಯಾದೃಚ್ಛಿಕ ಮೂರಂಕಿ ಇರಬೇಕು, ಮೊದಲು ತಿಂದದ್ದು ಹೆಚ್ಚು ರುಚಿಸುವುದು ಸಹಜವಾದ್ದರಿಂದ ಒಬ್ಬೊಬ್ಬರಿಗೆ ಒಂದೊಂದು ಕ್ರಮದಲ್ಲಿ ಕೊಡಬೇಕು, ನಡುವೆ ಬಾಯಿ ಮುಕ್ಕಳಿಸಲು ನೀರಿಡಬೇಕು, ಕವಳ (ಎಲೆಯಡಿಕೆ) ಹಾಕಿಕೊಂಡು ಬಂದವರನ್ನು ಆ ದಿನ ಬಿಡಬೇಕು. ತಿನ್ನುವ ಮೊದಲು ಏನೇನು ಹಾಕಿದೆ ಎಂದು ತಿಳಿಸಿ, ಅಲರ್ಜಿ ಕೇಳಿ, ಒಪ್ಪಿಗೆ ಪಡೆಯಬೇಕು.

'ತುಂಬ ಇಷ್ಟ'ದಿಂದ 'ಸ್ವಲ್ಪವೂ ಇಷ್ಟವಿಲ್ಲ'ದವರೆಗಿನ ಒಂಬತ್ತು ಮೆಟ್ಟಿಲಿನ ಅಳತೆ ಎಲ್ಲೆಡೆ ರೂಢಿಯಲ್ಲಿದೆ. ಇದಕ್ಕೆ ತರಬೇತಿ ಇಲ್ಲದ ಸಾಮಾನ್ಯ ಗ್ರಾಹಕರು ಬೇಕು, ಐವತ್ತಕ್ಕೆ ಕಡಿಮೆ ಇದ್ದರೆ ಫಲಿತಾಂಶದ ಮೇಲೆ ಭಾರ ಹಾಕಲಾಗದು. ಪುಟ್ಟ ಮಕ್ಕಳಿಗೆ ಅಂಕಿಯ ಬದಲು ನಗುವ, ಅಳುವ ಮುಖಗಳ ಚಿತ್ರ ತೋರಿಸಬೇಕು. ಹೊಸ ಹಿಟ್ಟು ಹಾಕಿದ್ದು ಗೊತ್ತಾಗುತ್ತದೆಯೇ ಎಂದಷ್ಟೇ ತಿಳಿಯಬೇಕಿದ್ದರೆ, ಎರಡು ಒಂದೇ ಬಗೆಯ ಮತ್ತು ಒಂದು ಬೇರೆ ಬಗೆಯ ಬಿಸ್ಕತ್ತು ಕೊಟ್ಟು ಬೇರೆಯದನ್ನು ಗುರುತಿಸಲು ಹೇಳಿ. ಊಹೆಯಿಂದಲೇ ಮೂವರಲ್ಲಿ ಒಬ್ಬರಿಗೆ ಸರಿ ಉತ್ತರ ಸಿಗುತ್ತದೆ. ಆದ್ದರಿಂದ 30 ಮಂದಿಯಲ್ಲಿ 15 ಅಥವಾ ಹೆಚ್ಚು ಮಂದಿ ಗುರುತಿಸಿದರೆ ಮಾತ್ರ ವ್ಯತ್ಯಾಸ ನಿಜವಾಗಿ ತಿಳಿಯುತ್ತದೆ ಎಂದು ತೀರ್ಮಾನಿಸಬಹುದು.

ಮಳೆಗಾಲದಲ್ಲಿ ಬಿಸ್ಕತ್ತು ಮೆತ್ತಗಾಗುತ್ತದೆ. ಎಷ್ಟು ದಿನ ಬಾಳಿಕೆ ಎಂದು ಬರೆಯಬೇಕು?

ಮಾರ್ಚ್ ತಿಂಗಳಲ್ಲಿ ಮಾಡಿದ ಪರೀಕ್ಷೆಯನ್ನು ನಂಬಿ ನಮ್ಮ ಮೊದಲ ಬಿಸ್ಕತ್ತಿಗೆ ಮೂರು ತಿಂಗಳು ಎಂದು ಬರೆದಿದ್ದೆವು. ಜುಲೈ ತಿಂಗಳಲ್ಲಿ ಮೂರೇ ವಾರಕ್ಕೆ ಪೊಟ್ಟಣಗಳು ಮರಳಿ ಬಂದವು. ಆ ನಷ್ಟದ ನಂತರ ಜೂನ್‌ನಿಂದ ಸೆಪ್ಟೆಂಬರಿನ ಗಾಳಿಯನ್ನೇ ನಾವು ಅಳತೆಗೋಲು ಮಾಡಿಕೊಂಡಿದ್ದೇವೆ. ಓವನ್‌ನಿಂದ ಹೊರಬಂದ ಬಿಸ್ಕತ್ತಿನ ತೇವಾಂಶ ಶೇ. 2ರಿಂದ 4ರಷ್ಟು. ಅದರ ನೀರಿನ ಚಟುವಟಿಕೆ (ಬಂಧನವಿಲ್ಲದೆ ಸಿಗುವ ನೀರಿನ ಅಳತೆ, 0ಯಿಂದ 1ರವರೆಗೆ) 0.4ರಿಂದ 0.5ರ ಆಸುಪಾಸಿಗೆ ಏರಿದಾಗಲೇ ಗರಿಗರಿತನ ಹೋಗುತ್ತದೆ, ಬೂಸ್ಟು ಬರುವುದಕ್ಕೆ ಬಹಳ ಮೊದಲೇ. 38 ಡಿಗ್ರಿ ಸೆಲ್ಸಿಯಸ್ ಮತ್ತು ಶೇ. 90 ಆರ್ದ್ರತೆಯಿರುವ ಪೆಟ್ಟಿಗೆಯಲ್ಲಿ ಪೊಟ್ಟಣ ಇಟ್ಟು ವಾರಕ್ಕೊಮ್ಮೆ ತೂಕ, ತೇವಾಂಶ, ರುಚಿ ನೋಡುವುದು ರೂಢಿಯ ತ್ವರಿತ ಪರೀಕ್ಷೆ. ತೆಳು ಪ್ಲಾಸ್ಟಿಕ್ ಚೀಲ ಇಲ್ಲಿ ನಿಲ್ಲುವುದಿಲ್ಲ. ಲೋಹದ ಲೇಪವಿರುವ ಹಾಳೆಯ ಪೊಟ್ಟಣಕ್ಕೆ ಖರ್ಚು ಮಾಡಬೇಕು, ಬೆಸುಗೆಯ ಅಂಚನ್ನು ನೀರಲ್ಲಿ ಅದ್ದಿ ಗುಳ್ಳೆ ಬರುತ್ತದೆಯೇ ಎಂದು ನೋಡಬೇಕು. ಬಿಸ್ಕತ್ತು ಪೂರ್ತಿ ತಣಿಯುವ ಮುನ್ನ ಕಟ್ಟಬಾರದು, ತಣಿದ ಮೇಲೆ ತೆರೆದಿಡಲೂಬಾರದು.

ಕೊಬ್ಬಿನ ವಿಷಯದಲ್ಲಿ ತೆಂಗಿನದ್ದು ಬೇರೆಯೇ ಸ್ವಭಾವ. ತೆಂಗಿನೆಣ್ಣೆ ಗಾಳಿಗೆ ಬೇಗ ಕಮಟುವುದಿಲ್ಲ, ಆದರೆ ತೇವ ಮತ್ತು ಕಿಣ್ವ ಸೇರಿದರೆ ಅದರಿಂದ ಲಾರಿಕ್ ಆಮ್ಲ ಬಿಡುಗಡೆಯಾಗಿ ಬಿಸ್ಕತ್ತು ಸಾಬೂನಿನ ರುಚಿಗೆ ತಿರುಗುತ್ತದೆ. ಹಾಲು ಹಿಂಡಿದ ಕಾಯಿತುರಿಯನ್ನು ನಾರಿಗಾಗಿ ಬಳಸುವವರು ಅದನ್ನು ಚೆನ್ನಾಗಿ ಬಿಸಿ ಮಾಡಿ ಒಣಗಿಸಿಯೇ ಬಳಸಬೇಕು. ಬಿಸ್ಕತ್ತಿನಿಂದ ತೆಗೆದ ಕೊಬ್ಬಿನ ಆಮ್ಲತೆ ಒಲೀಕ್ ಆಮ್ಲದ ಲೆಕ್ಕದಲ್ಲಿ ಶೇ. 1.5 ಮೀರಬಾರದು ಎಂದು ಎಫ್‌ಎಸ್‌ಎಸ್‌ಎಐ ನಿಯಮವೇ ಹೇಳುತ್ತದೆ. ಡಾಲ್ಡಾ ಮಾದರಿಯ ಕೊಬ್ಬು ಬಳಸುವವರು, ಟ್ರಾನ್ಸ್ ಕೊಬ್ಬು ಶೇ. 2 ಮೀರಬಾರದೆಂಬ 2022ರ ಮಿತಿಯನ್ನು ಪೂರೈಸಿದ ವರದಿಯನ್ನು ಮಾರಾಟಗಾರರಿಂದ ಕೇಳಿ ಪಡೆಯಬೇಕು.

ಹಣ ಕಡಿಮೆ ಇದೆ. ಯಾವ ಪರೀಕ್ಷೆಗಳನ್ನು ಮೊದಲು ಮಾಡಿಸಬೇಕು?

ತೇವಾಂಶ, ಕೊಬ್ಬಿನ ಆಮ್ಲತೆ, ಮತ್ತು ಆಮ್ಲದಲ್ಲಿ ಕರಗದ ಬೂದಿ, ಇವು ಮೊದಲು. ಮೂರನೆಯದು ಮಣ್ಣು, ಮರಳನ್ನು ತೋರಿಸುತ್ತದೆ, ಅದು ಶೇ. 0.1 ಮೀರಬಾರದು, ಅಂಗಳದಲ್ಲಿ ಒಣಗಿಸಿದ ಬಾಳೆಕಾಯಿ ಹೋಳು ಹೆಚ್ಚಾಗಿ ಸೋಲುವುದು ಇದರಲ್ಲೇ. ಆಮೇಲೆ ಪೊಟ್ಟಣದ ಮೇಲೆ ಹೇಳಬೇಕೆಂದಿರುವ ಒಂದೇ ಒಂದು ಪೋಷಕಾಂಶದ ಪರೀಕ್ಷೆಯನ್ನು ಬೇಯಿಸಿದ ಬಿಸ್ಕತ್ತಿನಲ್ಲಿಯೇ ಮಾಡಿಸಿ, ಹಿಟ್ಟಿನಲ್ಲಲ್ಲ. ಕಳಿಸಿದ ಅದೇ ದಿನದ ಹತ್ತು ಪೊಟ್ಟಣಗಳನ್ನು ದಿನಾಂಕ ಬರೆದು ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಮಾರಿದ ಪೊಟ್ಟಣದ ಬಗ್ಗೆ ಯಾರಾದರೂ ದೂರು ತಂದಾಗ ತೆರೆದು ನೋಡಲು ಅವು ಬೇಕಾಗುತ್ತವೆ.